ಅವ್ವ ಬಿಡಿಸಿದ್ದ ಜಾಗ

ಸ್ಪೇಸ್‌ಬಾರ್ ಕುಟ್ಟೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಹೊಳೆನರಸೀಪುರದಲ್ಲಿ ನಂದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಮೇಷ್ಟ್ರುಗಳ ಪ್ರಶ್ನೆಪತ್ರಿಕೆ. ಹೆಸರು ಮಧ್ಯಕ್ಕೆ ಬರಲಿ ಅಂತ ಜನ ಇಪ್ಪತ್ತು ಸಲ ಸ್ಪೇಸ್ ಒತ್ತಿ ತರ್ತಾರೆ. ಅದನ್ನೆಲ್ಲ ಒಂದೊಂದೇ ಅಳಿಸ್ತಾ ಕೂತ್ರೆ ಅಂಗಡಿ ನಡೆದಂಗೇ! ಅದಕ್ಕೇ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನೋ, ಫೈಲೆಲ್ಲ ಒಂದೇ ಏಟಿಗೆ ಹುಡುಕಿ ಬದಲಿಸೋ ವಿದ್ಯೆ ಕಲಿತೆ. ಹುಡುಕುವ ಕಡೆ ಎರಡು ಸ್ಪೇಸ್, ಪಕ್ಕದಲ್ಲಿ ಪ್ಲಸ್ ಗುರುತು. ಅಂದ್ರೆ ಎರಡೋ ಇಪ್ಪತ್ತೋ, ಎಷ್ಟೇ ಖಾಲಿ ಇದ್ರೂ ಹಿಡಿ. ಬದಲಿಸುವ ಕಡೆ ಒಂದೇ ಸ್ಪೇಸ್. ಯಾವ ಫೈಲೇ ಬರಲಿ, ಓದೋಕೆ ಮುಂಚೆ ಇದೇ ನನ್ನ ಮೊದಲ ಕೆಲಸ.

ಅವ್ವ ಮದುವೆಗಳಲ್ಲಿ ಸೋಬಾನೆ ಹಾಡ್ತಿದ್ಲು. ಜೊತೆಯವರೆಲ್ಲ ಹೋದ ಮೇಲೆ ಆ ಹಾಡುಗಳು ಅವಳೊಬ್ಬಳ ಬಾಯಲ್ಲೇ ಉಳಿದವು. ಅರಕಲಗೂಡಿನಲ್ಲಿ ಟೀಚರಾಗಿರೋ ಅಕ್ಕ ಅವಳನ್ನ ಕೂರಿಸಿಕೊಂಡು, ಹೇಳಿಸಿ ಟೈಪ್ ಮಾಡಿದಳು. ನೆನಪಾಗದ ಕಡೆ ಅವ್ವ, "ಅಲ್ಲೊಸಿ ಜಾಗ ಬುಡು ಕಣವ್ವ, ಆಮೇಕೆ ಯೋಳ್ತೀನಿ" ಅಂದ್ರೆ, ಅಕ್ಕ ಸ್ಪೇಸ್ ಒತ್ತಿ ಜಾಗ ಬಿಟ್ಟಿದ್ದಳು. ಪುಸ್ತಕ ಮಾಡು ಅಂತ ಪೆನ್‌ಡ್ರೈವ್ ನನ್ನ ಕೈಗೆ ಕೊಟ್ಟಳು. ಇದ್ದಿದ್ದು ಅದೊಂದೇ ಪ್ರತಿ. ಜಾಗದ ವಿಷಯ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೈಲು ತೆಗೆದೆ, ಎಂದಿನಂಗೆ ಬದಲಿಸು ಒತ್ತಿದೆ, ಅದರ ಮೇಲೇ ಸೇವ್ ಮಾಡಿದೆ. ಟೀಚರಮ್ಮ ಎಷ್ಟು ಗಲೀಜಾಗಿ ಟೈಪ್ ಮಾಡವ್ಳೆ ಅಂತ ಬೈಕೊಂಡೆ ಬೇರೆ.

ಅವ್ವ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಿಥಿ ಮುಗಿದ ಮೇಲೆ ಅಕ್ಕ ಅಂಗಡಿಗೆ ಬಂದು ಮಡಚಿದ ಒಂದು ಮಾತ್ರೆ ಚೀಟಿ ಬಿಚ್ಚಿದಳು. ಹಿಂಬದಿಯಲ್ಲಿ ಅಕ್ಕನದೇ ಅಕ್ಷರ.

"ಆಸ್ಪತ್ರೇಲಿ ಅವ್ವಂಗೆ ಒಂದೊಂದಾಗಿ ನೆಪ್ಪಾಯ್ತು ಕಣ್ಲಾ. ಬಾಯಿಂದ ಬಂದಂಗೆ ಬರ್ಕೊಂಡಿವ್ನಿ. ಜಾಗ ನೋಡ್ಕೊಂಡು ತುಂಬುಸ್ಬುಡು."

ಹನ್ನೊಂದು ಮಾತು. ಸಂಪಿಗೆ ದಂಡೆ. ಅಣ್ಣನ ಹೆಗಲು. ಹಿಂಗೆ.

ಖಾಲಿ ಜಾಗವನ್ನೆಲ್ಲ ಒಂದೇ ಸ್ಪೇಸ್ ಮಾಡಿಬಿಟ್ಟಿದ್ದನ್ನ ಹೇಳಿದೆ. ಇಬ್ಬರೂ ಫೈಲು ತೆಗೆದು ಸಾಲುಸಾಲೂ ಓದಿದೆವು. ಅಂದಾಜಲ್ಲಿ ಎರಡು ಕೂರಿಸಿದೆವು. ಉಳಿದವು ಎಲ್ಲಿಟ್ಟರೂ ಸರಿ ಅನ್ನಿಸ್ತಿದ್ದವು, ಮತ್ತೆ ಓದಿದ್ರೆ ತಪ್ಪು ಅನ್ನಿಸ್ತಿದ್ದವು. ಅಕ್ಕನಿಗೂ ಜ್ಞಾಪಕ ಇಲ್ಲ. ಕೇಳೋಣ ಅಂದ್ರೆ ಅವ್ವ ಇಲ್ಲ.

ಅಕ್ಕ ಬೈಯಲಿಲ್ಲ. "ನೀನೇನು ಬೇಕು ಅಂತ ಮಾಡಿದ್ಯಾ, ಬುಡು" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೆನ್ನೆಗೆ ಬಾರಿಸಿದ್ರೂ ಅಷ್ಟು ನೋಯ್ತಿರಲಿಲ್ಲ.

ಅವಳನ್ನ ಬಸ್ ಹತ್ತಿಸಿ ಬಂದು, ಒಂದಾದ್ರೂ ತಪ್ಪಿಸಿಕೊಂಡಿರಬಾರದಾ ಅನ್ನೋ ಹುಚ್ಚು ಆಸೆಯಿಂದ, ಅದೇ ಎರಡು ಸ್ಪೇಸ್, ಪ್ಲಸ್ ಹಾಕಿ ಹುಡುಕಿದೆ. ಸಿಗಲಿಲ್ಲ. ಅವ್ವ ಆಮೇಲೆ ಹೇಳ್ತೀನಿ ಅಂದಿದ್ದ ಜಾಗಗಳನ್ನ ನಾನು ಒಂದೂ ಬಿಡದಂಗೆ ಅಳಿಸಿದ್ದೆ.