ಮೆಟ್ಟಿಲ ಕೆಳಗಿನ ಬಾಗಿಲು

ಜಯದೇವಿ ನಮ್ಮ ಪಕ್ಕದ ಮನೆಗೆ ಬಂದದ್ದು ೨೦೧೨ರ ಬೇಸಿಗೆಯಲ್ಲಿ. ಅಮೆರಿಕದ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಗೋಡೆಗೆ ಗೋಡೆ ಹಂಚಿಕೊಂಡ ಟೌನ್‌ಹೌಸುಗಳ ಸಾಲು ಅದು. ನಾನು ಮೈಸೂರಿನವಳು, ಹೆಸರು ರಾಜಲಕ್ಷ್ಮಿ. ಆಕೆ ಗದಗಿನವಳು. ಗಂಡ ಶಶಿಕಾಂತ್‌ಗೆ ಕೆಲಸ ಆಸ್ಟಿನ್‌ನಲ್ಲಿ. ಸೋಮವಾರ ನಸುಕಿಗೆ ಕಾರು ಹತ್ತಿದರೆ ಶುಕ್ರವಾರ ಸಂಜೆಯೇ ಮರಳುತ್ತಿದ್ದರು. ಪ್ರಾಜೆಕ್ಟು ಇನ್ನೇನು ಡಲ್ಲಾಸಿಗೆ ಬಂದುಬಿಡುತ್ತದೆ ಎಂದು ಕಂಪನಿಯವರು ಹೇಳುತ್ತಲೇ ಇದ್ದರು, ಅದು ಬರಲೇ ಇಲ್ಲ. ವಾರವಿಡೀ ಮನೆಯಲ್ಲಿ ಜಯದೇವಿ ಮತ್ತು ಪುಟ್ಟ ಮಗಳು ಪ್ರೇರಣಾ ಇಬ್ಬರೇ.

ಇಷ್ಟು ಅಂಜುವ ಹೆಂಗಸನ್ನು ನಾನು ನೋಡಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ನಿಲ್ಲುವ ತನಕ ಮುಟ್ಟದೆ ಅದನ್ನೇ ನೋಡುತ್ತ ನಿಂತಿರುತ್ತಿದ್ದಳು. ಸರ್ಕಾರದ ಮುದ್ರೆಯಿದ್ದ ಲಕೋಟೆ ಬಂದರೆ ಶುಕ್ರವಾರದ ತನಕ ಒಡೆಯುತ್ತಿರಲಿಲ್ಲ. ಹೈವೇ ಎಂದರೆ ಮೈ ಬೆವರುತ್ತಿತ್ತು. ಇಂಗ್ಲಿಷು ಆಕೆಗೆ ಅಷ್ಟಾಗಿ ಬರುತ್ತಿರಲಿಲ್ಲ. ಬರುತ್ತಿದ್ದಷ್ಟೂ ಎದುರಿಗೆ ಬೇರೆಯವರು ನಿಂತರೆ ಗಂಟಲಲ್ಲೇ ಉಳಿಯುತ್ತಿತ್ತು.

ಕಾಗದದ ಮುಂದೆ ಮಾತ್ರ ಆಕೆ ಬೇರೆಯೇ. ತಂದೆ ಶಿವಪುತ್ರಪ್ಪನವರದು ಗದಗಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಉಳಿದ ದಪ್ಪ ಕಾಗದದ ಪಟ್ಟಿಗಳನ್ನು ಮಡಿಸುತ್ತಲೇ ಬೆಳೆದವಳು. ಮಸಿ ಮುಗಿದ ಬಾಲ್‌ಪೆನ್ನಿನಿಂದ ಮೊದಲು ಒತ್ತಿ ಗೆರೆ ಎಳೆಯುವಳು. ಆಮೇಲೆ ಮಡಿಸಿದರೆ ಕಾಗದ ಒಂದೆಳೆಯೂ ಸೀಳದೆ ಬಾಗುತ್ತಿತ್ತು. ಆಕೆಯ ಗ್ರೀಟಿಂಗ್ ಕಾರ್ಡು ಮುಚ್ಚಿದಾಗ ಅಂಗೈ ಅಗಲದ ಚಪ್ಪಟೆ ಕಾಗದ. ತೆರೆದರೆ ಒಂದರ ಹಿಂದೊಂದು ಪದರ ಎದ್ದು ನಿಲ್ಲುತ್ತಿದ್ದವು: ಮುಂದೆ ತೋರಣ, ಅದರ ಹಿಂದೆ ತೊಟ್ಟಿಲು, ತೊಟ್ಟಿಲ ಹಿಂದೆ ಅಜ್ಜಿಯರ ಸಾಲು. ಹತ್ತಿರದ ಫ್ರಿಸ್ಕೋದ ಕನ್ನಡಿಗರಲ್ಲಿ ಯಾರ ಮನೆಯಲ್ಲಿ ನಾಮಕರಣವಾದರೂ, ಮಗುವಿನ ಮೊದಲ ಬರ್ತ್‌ಡೇ ಆದರೂ ಜಯದೇವಿಯ ಕಾರ್ಡು ಬೇಕು. ಗಂಡನ ಜೊತೆ ಡಿಪೆಂಡೆಂಟ್ ವೀಸಾದ ಮೇಲೆ ಬಂದವರು ಕೆಲಸ ಮಾಡುವಂತಿಲ್ಲವಲ್ಲ, ಯಾರಾದರೂ ದುಡ್ಡು ಕೊಡಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಪಕ್ಕದಲ್ಲೇ ಕೂತು ಪ್ರೇರಣಾ ಕೂಡ ಮೊಂಡು ಕತ್ತರಿಯಿಂದ ಏನಾದರೂ ಕತ್ತರಿಸುತ್ತ ಅಂಟಿಸುತ್ತ ಇರುತ್ತಿದ್ದಳು.

೨೦೧೪ರ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ, ಸುಂಟರಗಾಳಿ ಬರುತ್ತಿದೆ ಎಂದು ಟೊರ್ನಾಡೋ ಸೈರನ್ ಕೂಗಿತು. ನಾನಿನ್ನೂ ಆಫೀಸಿನಲ್ಲಿದ್ದೆ, ಎಲ್ಲರ ಜೊತೆ ನೆಲಮಹಡಿಯ ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಜಯದೇವಿ ಮಗಳನ್ನು ಎತ್ತಿಕೊಂಡು ಮನೆಯ ಮೆಟ್ಟಿಲ ಕೆಳಗೆ ಸಾಮಾನಿಡುವ ಪುಟ್ಟ ಕ್ಲಾಸೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಸುಂಟರಗಾಳಿ ನಮ್ಮ ಕಡೆ ಬರಲಿಲ್ಲ. ನಿಂಬೆಹಣ್ಣಿನಂಥ ಆಲಿಕಲ್ಲು ಬಿದ್ದು ಸಾಲಿನ ಕಾರುಗಳ ಗಾಜು ಒಡೆದವು, ಅಷ್ಟೇ. ನಾನು ಬಂದು ನೋಡಿದಾಗ ತಾಯಿ ಮಗಳು ಇನ್ನೂ ಅದರೊಳಗೇ ಇದ್ದರು. ನಾನೇ ಬಾಗಿಲು ತೆಗೆದು, "ಎಲ್ಲಾ ಮುಗೀತು, ಏಳು ಜಯಾ" ಎಂದು ಹೊರಗೆ ಕರೆದೆ.

ಅದಾದ ಮೇಲೆ ಪ್ರೇರಣಾ ಶಾಲೆಯಲ್ಲಿ ಮಾತು ನಿಲ್ಲಿಸಿದಳು. ಟೀಚರ್ ಇಮೇಲ್ ಕಳಿಸಿದರು. ಆಸ್ಟಿನ್‌ನಲ್ಲಿ ಅದನ್ನು ಓದಿದ ಶಶಿಕಾಂತ್, ಹುಡುಗಿ ಸ್ವಲ್ಪ ನಾಚಿಕೆ ಸ್ವಭಾವದವಳು ಎಂದು ಉತ್ತರ ಬರೆದರು. ಮನೆಯಲ್ಲೂ ಅವಳದು ಪಿಸುಮಾತೇ ಆಗಿತ್ತು. "ಮಗಳು ಈಗೀಗ ಭಾಳ ಶಾಣ್ಯಾ ಆಗ್ಯಾಳ್ರಿ, ಒಟ್ಟ ಗದ್ದಲಾ ಮಾಡೂದಿಲ್ಲ" ಎಂದು ಜಯದೇವಿ ನನ್ನ ಮುಂದೆ ಹೆಮ್ಮೆಯಿಂದಲೇ ಹೇಳಿದ್ದಳು.

ಮೇ ತಿಂಗಳು ಅಮ್ಮಂದಿರ ದಿನಕ್ಕೆಂದು ಶಾಲೆಯಲ್ಲಿ ಮಕ್ಕಳಿಂದ ಕಾರ್ಡು ಮಾಡಿಸಿದರು. ಅಮ್ಮನ ಜೊತೆ ಕಳೆದ ಯಾವುದಾದರೂ ಒಂದು ಗಳಿಗೆಯನ್ನು ತೋರಿಸಬೇಕಿತ್ತು. ಉಳಿದ ಮಕ್ಕಳ ಕಾರ್ಡುಗಳು ಮನೆಗೆ ಹೋದವು. ಪ್ರೇರಣಾಳದು ಬರಲಿಲ್ಲ.

ಮರುವಾರ ಒಂದು ಸಂಜೆ ಜಯದೇವಿ ಬರಿಗಾಲಲ್ಲಿ ನಮ್ಮನೆಗೆ ಓಡಿಬಂದಳು. ಬಂದವಳೇ ಫೋನನ್ನು ನನ್ನ ಕೈಗೆ ತುರುಕಿದಳು.

"ಅಕ್ಕಾರ, ಯಾರೋ ಮೆಸೇಜ್ ಬಿಟ್ಟಾರ್ರಿ. ಸ್ಟೇಟ್ ಅಂತಾರ, ಕಾರ್ಡ್ ಅಂತಾರ. ನನ್ನ ಕಾರ್ಡಿನ ಸುದ್ದಿ ಯಾರೋ ಹೇಳ್ಯಾರ್ರಿ. ವೀಸಾ ಕ್ಯಾನ್ಸಲ್ ಮಾಡ್ತಾರೇನ್ರಿ?"

ನಾನು ಮೆಸೇಜನ್ನು ಎರಡು ಸಲ ಕೇಳಿದೆ. ವೀಸಾದ ವಿಷಯವೇ ಅಲ್ಲ. ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಹೆಂಗಸು ಮಾತಾಡಿದ್ದಳು. ಪ್ರೇರಣಾ ಶಾಲೆಯಲ್ಲಿ ಮಾಡಿದ ಒಂದು ಕಾರ್ಡಿನ ಬಗ್ಗೆ ವಿಚಾರಿಸಬೇಕಿದೆ, ನಾಳೆ ಸಂಜೆ ನಾಲ್ಕಕ್ಕೆ ಮನೆಗೆ ಬರುತ್ತೇನೆ, ಮಗು ಮನೆಯಲ್ಲಿರಲಿ ಎಂದಿದ್ದಳು. ಅದನ್ನು ಕನ್ನಡದಲ್ಲಿ ಹೇಗೆ ಹೇಳಿದರೆ ಕಡಿಮೆ ಭಯವಾದೀತು ಎಂದು ನಾನು ಹುಡುಕುತ್ತಿರುವಾಗಲೇ ಅವಳು ನನ್ನ ಮುಖ ನೋಡಿ ಗಂಡನ ನಂಬರು ಹುಡುಕತೊಡಗಿದಳು.

ಶಶಿಕಾಂತ್‌ಗೆ ಫೋನು ಮಾಡಿದೆವು. ನಾಳೆ ಮಧ್ಯಾಹ್ನವೇ ಹೊರಡುತ್ತೇನೆ ಎಂದರು. ಹ್ಯೂಸ್ಟನ್‌ನಲ್ಲಿ ಅವರ ದೊಡ್ಡಪ್ಪನ ಮಗ ಅಣ್ಣಾಸಾಹೇಬರಿದ್ದರು, ಇಪ್ಪತ್ತು ವರ್ಷದಿಂದ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಜಯದೇವಿ ಅವರಿಗೂ ಮಾಡಿದಳು. ಸ್ಪೀಕರಿನಲ್ಲಿ ಅವರ ದನಿ ನನಗೂ ಕೇಳುತ್ತಿತ್ತು.

"ಜಯಾ, ನೀ ಬಾಯಿ ಬಿಡಬ್ಯಾಡ. ಒಂದ ಮಾತ ಹೆಚ್ಚುಕಮ್ಮಿ ಆತಂದ್ರ ಕೂಸಿನ್ನ ಕರಕೊಂಡ ಹೋಗ್ತಾರ. ಇಲ್ಲಿ ನಮಗ ಗೊತ್ತಿದ್ದವರ ಮನ್ಯಾಗ ಹಂಗ ಆಗೇದ. ಆರ ತಿಂಗಳ ಮಕ್ಕಳ ಮಾರಿ ನೋಡಲಿಲ್ಲ ಅವರು."

"ಭಾವಾರ, ನಾ ಏನ ಮಾಡೇನ್ರಿ?"

"ಅದೆಲ್ಲಾ ಅವರು ಕೇಳೂದಿಲ್ಲ. ಮೊದಲ ಆ ಕಾರ್ಡು ಗೀರ್ಡು ಎಲ್ಲಾ ಮುಚ್ಚಿಡು. ನೋಡಿದ್ರ ಅದಕ್ಕೂ ಒಂದು ಕೇಸ್ ಹಾಕ್ತಾರ."

ಕೆಟ್ಟ ಮನುಷ್ಯರೇನಲ್ಲ ಅವರು. ಅವರ ದನಿಯಲ್ಲೂ ಹೆದರಿಕೆಯೇ ಇತ್ತು.

ಮರುದಿನ ನಾನು ರಜೆ ಹಾಕಿ ಮೂರು ಗಂಟೆಗೇ ಅವಳ ಮನೆಗೆ ಹೋದೆ. ಊಟದ ಮೇಜು ಖಾಲಿಯಾಗಿತ್ತು. ಬಣ್ಣದ ಕಾಗದ, ಬ್ಲೇಡು, ಪದರ ಎತ್ತರಿಸುವ ಸ್ಪಂಜಿನ ತುಣುಕು ಒಂದೂ ಇರಲಿಲ್ಲ. ಎಲ್ಲಿಟ್ಟೆ ಎಂದರೆ ಹೇಳಲೊಲ್ಲಳು. ನೆಲ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಪ್ರೇರಣಾ ಸೋಫಾದ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಮೂರೂವರೆಗೆ ಶಶಿಕಾಂತ್ ಫೋನು ಮಾಡಿ, ವೇಕೋ ಹತ್ತಿರ ಲಾರಿ ಮಗುಚಿ ರಸ್ತೆ ಬಂದಾಗಿದೆ, ಕಾರು ಅಲುಗುತ್ತಿಲ್ಲ ಎಂದರು. ಜಯದೇವಿ ಫೋನು ಕೆಳಗಿಟ್ಟು ಮತ್ತೆ ಒರೆಸುವ ಬಟ್ಟೆ ಹಿಡಿದಳು.

ಕರೆಗಂಟೆ ಸದ್ದಾಯಿತು.

ಬಂದಾಕೆಗೆ ಐವತ್ತರ ಆಸುಪಾಸು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಒಂದು ಫೋಲ್ಡರು. ಮೆತ್ತಗೆ ಮಾತಾಡುತ್ತಿದ್ದಳು. ಕನ್ನಡದ ದುಭಾಷಿ ಸಿಗಲಿಲ್ಲ, ತಾಯಿ ಒಪ್ಪಿದರೆ ನೀವೇ ಹೇಳಬಹುದು ಎಂದು ನನ್ನನ್ನು ಕೂರಿಸಿಕೊಂಡಳು. ಊಟ, ನಿದ್ದೆ, ಶಾಲೆ ಎಂದೆಲ್ಲ ಕೇಳಿದಳು. ಜಯದೇವಿ ಒಂದೊಂದೇ ಪದದಲ್ಲಿ ಉತ್ತರಿಸಿದಳು. ಆಮೇಲೆ ಬಂದಾಕೆ ಎದ್ದು, ಮನೆ ನೋಡಬಹುದೇ ಎಂದು ಕೇಳಿ, ನೆಟ್ಟಗೆ ಮೆಟ್ಟಿಲ ಹತ್ತಿರ ಹೋಗಿ ನಿಂತಳು.

"ಈ ಬಾಗಿಲು ತೆಗೆಯುತ್ತೀರಾ?"

ಜಯದೇವಿ ಕದಲಲಿಲ್ಲ. ಬಂದಾಕೆ ಮತ್ತೊಮ್ಮೆ ಕೇಳಿದಳು, ಈ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು. ನಾನು, "ಜಯಾ, ತೆಗೆ" ಎಂದೆ.

"ಬ್ಯಾಡ್ರಿ ಅಕ್ಕಾರ" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

ನಾನು ಎರಡು ವರ್ಷದಿಂದ ಬಲ್ಲವಳು. ಆದರೂ ಒಂದು ಗಳಿಗೆ, ಅದರೊಳಗೆ ನನಗೆ ಗೊತ್ತಿಲ್ಲದ್ದು ಏನೋ ಇದೆ ಎನಿಸಿತು. ನಾನೇ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಬಾಗಿಲೆಳೆದೆ.

ಒಳಗೆ ತುರುಕಿಟ್ಟಿದ್ದ ಸೂಟ್‌ಕೇಸು ಜಾರಿ ಬಿತ್ತು. ಅವಸರದಲ್ಲಿ ಜಿಪ್ ಪೂರ್ತಿ ಹಾಕಿರಲಿಲ್ಲ. ಬಾಯಿ ಬಿಟ್ಟು ಕಾರ್ಡುಗಳು ನೆಲದ ತುಂಬ ಚೆಲ್ಲಿದವು. ಬಿದ್ದ ಹಾಗೇ ತೆರೆದುಕೊಂಡು ತೊಟ್ಟಿಲು, ಮಂಟಪ, ಕೇಕು, ನವಿಲು ಎಲ್ಲ ನಮ್ಮ ಕಾಲ ಸುತ್ತ ಎದ್ದು ನಿಂತವು.

"ಐ ನೋ ಸೆಲ್, ಮೇಡಂ. ಓನ್ಲಿ ಗಿಫ್ಟ್. ನೋ ಮನಿ" ಎಂದು ಜಯದೇವಿ ಕೈ ಜೋಡಿಸಿ ಅಳತೊಡಗಿದಳು.

ಬಂದಾಕೆಗೆ ಒಂದೂ ಅರ್ಥವಾಗಲಿಲ್ಲ. ನಾನು ವೀಸಾದ ಭಯವನ್ನು ವಿವರಿಸಿದೆ. ಅವಳು ಮಂಡಿಯೂರಿ ಒಂದೆರಡು ಕಾರ್ಡು ಎತ್ತಿಕೊಂಡು, ಇದಕ್ಕಾಗಿ ನಾನು ಬಂದಿಲ್ಲ ಎಂದಳು. ಅಲ್ಲೇ ನೆಲದ ಮೇಲೆ ಕೂತು ಫೋಲ್ಡರಿನಿಂದ ಇನ್ನೊಂದು ಕಾರ್ಡು ತೆಗೆದು ನಮ್ಮ ಮುಂದಿಟ್ಟಳು.

ಅದು ಅಮ್ಮಂದಿರ ದಿನಕ್ಕೆ ಪ್ರೇರಣಾ ಮಾಡಿದ್ದು, ಟೀಚರ್ ಅದನ್ನು ಇಲಾಖೆಗೆ ಕಳಿಸಿದ್ದರು. ತೆರೆದರೆ ಮೊದಲ ಪದರ ಮನೆ, ಎರಡನೆಯದು ಮೆಟ್ಟಿಲು. ಮೆಟ್ಟಿಲ ಕೆಳಗೆ ತೆರೆಯಬಹುದಾದ ಪುಟ್ಟ ಬಾಗಿಲು. ಬಾಗಿಲ ಹಿಂದೆ ಕಪ್ಪು ಕಾಗದ, ಅದರ ಮೇಲೆ ಒಬ್ಬ ಹೆಂಗಸು, ಒಂದು ಮಗು. ಮಗುವಿನ ಕಣ್ಣಿಂದ ನೀಲಿ ಹನಿ ಸುರಿಯುತ್ತಿದ್ದವು. ಹೆಂಗಸಿನ ಕೈ ಮಗುವಿನ ಬಾಯಿಯ ಮೇಲಿತ್ತು. ಮನೆಯ ಹಿಂದೆ, ಭುಜ ಬಗ್ಗಿಸಿಕೊಂಡು ಒಳಗೆ ಇಣುಕುವ ದೊಡ್ಡ ಗಂಡಸಿನ ಹಾಗೆ, ಬೂದು ಬಣ್ಣದ ಒಂದು ಆಕಾರ.

"ಇವನು ಯಾರು?" ಎಂದು ಬಂದಾಕೆ ಕೇಳಿದಳು.

ಜಯದೇವಿ ಅಳು ನಿಲ್ಲಿಸಿ ಕಾರ್ಡನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಹಿಡಿದಳು, ಪಕ್ಕದಿಂದ ನೋಡಿದಳು. "ಅಂಟ ಭಾಳ ಹಚ್ಯಾಳ್ರಿ, ಮಡಿಕಿ ಕಚಗೊಂಡೈತಿ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಉಗುರಿನ ತುದಿಯನ್ನು ಬೂದು ಕಾಗದದ ಹಿಂದೆ ತೂರಿಸಿ ಮೆಲ್ಲಗೆ ಬಿಡಿಸಿದಳು. ಬಾಗಿದ್ದ ಭುಜ ನೆಟ್ಟಗಾಯಿತು. ಪದರದ ಮೇಲೆ ಪದರ ಬಿಚ್ಚಿಕೊಂಡು ಮೇಲೆ ಅಗಲ, ಕೆಳಗೆ ಚೂಪಾಗಿ, ಸುರುಳಿ ಗೆರೆಗಳ ಸುಂಟರಗಾಳಿ ಮನೆಗಿಂತ ಎತ್ತರಕ್ಕೆ ಎದ್ದು ನಿಂತಿತು.

ಬಂದಾಕೆ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಬೆರಳಿಟ್ಟು ತೋರಿಸಿದ್ದು ಬಾಯಿ ಮುಚ್ಚಿದ ಕೈಯನ್ನು.

ಜಯದೇವಿ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. "ಅವತ್ತ ಟಿವಿ ಜೋರಾಗಿ ಇಟ್ಟು ಒಳಗ ಕುಂತಿದ್ವಿರಿ. ಗಾಳಿ ಯಾ ರಸ್ತಾದ ಮ್ಯಾಲ ಬರಾಕತ್ತೈತಿ ಅಂತ ಹೇಳತಿದ್ದರು. ನನಗ ಮೊದಲ ಇಂಗ್ಲಿಷ್ ತಿಳೀದಿಲ್ಲ. ಇಕಿ ಒಂದ ಸವನ ಅಳತಿದ್ಳು, ಏನೂ ಕೇಳಸವಲ್ದು. ಬಾಯಿ ಒತ್ತಿ ಹಿಡದೆ. ಸುಮ್ನಿರು, ಸುಮ್ನಿರು ಅಂದೆ. ಭಾಳ ಜೋರಾಗೇ ಹಿಡದೆ ಅನಸ್ತೈತ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಪ್ರೇರಣಾ ಸೋಫಾದಿಂದ ಇಳಿದು ಬಂದಿದ್ದಳು. ಬಂದಾಕೆ ಅವಳನ್ನು, "ಆಗ ಅಮ್ಮ ಯಾಕೆ ಹಾಗೆ ಮಾಡಿದಳು, ನಿನಗೆ ಗೊತ್ತಾ?" ಎಂದು ಕೇಳಿದಳು. ಮಗು ತಾಯಿಯ ಮುಖ ನೋಡಿತು. ಕಿಟಕಿ ನೋಡಿತು. ಆಮೇಲೆ ಕೇಳಿಯೂ ಕೇಳದ ಹಾಗೆ, "ಇಟ್ ಕ್ಯಾನ್ ಹಿಯರ್ ಅಸ್" ಎಂದಿತು.

ಅಷ್ಟು ದಿನವೂ ಮಗು ನಂಬಿದ್ದು ಅದನ್ನೇ. ಸದ್ದು ಮಾಡಿದರೆ ಗಾಳಿಗೆ ಕೇಳಿಸುತ್ತದೆ, ಕೇಳಿಸಿದರೆ ಹುಡುಕಿಕೊಂಡು ಬರುತ್ತದೆ. ಸೈರನ್ನಿನ ಕಂಬ ಶಾಲೆಯ ಆಟದ ಮೈದಾನದ ಪಕ್ಕದಲ್ಲೇ ಇತ್ತು, ಅಲ್ಲಿ ಅವಳು ತುಟಿ ಬಿಚ್ಚದ್ದು ಅದಕ್ಕೇ.

ಜಯದೇವಿಗೆ ಆ ಇಂಗ್ಲಿಷು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡು, "ಗಾಳಿಗೆ ಕಿವಿ ಇರೂದಿಲ್ಲವಾ. ನಿನ್ನ ಮಮ್ಮಿಗೇ ಟಿವಿ ಕೇಳಿಸಲಿಲ್ಲ. ನನಗ ಅಂಜಿಕಿ ಆಗಿತ್ತು, ಅದಕ್ಕ" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ಮಗು ಅಮ್ಮನ ಭುಜದ ಮೇಲಿಂದ ಕಿಟಕಿಯನ್ನೇ ನೋಡುತ್ತಿತ್ತು.

ಬಂದಾಕೆ ಹೋಗುವಾಗ ಜಯದೇವಿಯ ಕೈ ಹಿಡಿದಳು. ಆದರೆ ಎಲ್ಲ ಸರಿಹೋಯಿತು ಎನ್ನಲಿಲ್ಲ. ವರದಿ ಬರೆಯಬೇಕು, ಮೇಲಿನವರು ನೋಡಬೇಕು, ಪತ್ರ ಬರುತ್ತದೆ ಎಂದಷ್ಟೇ ಹೇಳಿದಳು. ಶಶಿಕಾಂತ್ ಬಂದಾಗ ಆರೂವರೆ. ಹೊಸ್ತಿಲಲ್ಲೇ ನಿಂತು ಮಗಳನ್ನು ಎತ್ತಿಕೊಂಡು, ಶೂ ಬಿಚ್ಚುವುದನ್ನೂ ಮರೆತು ಗೋಡೆಗೊರಗಿದರು.

ಆ ಪತ್ರಕ್ಕಾಗಿ ಕಾದ ದಿನಗಳೇ ಎಲ್ಲಕ್ಕಿಂತ ಕೆಟ್ಟವು. ಟಪಾಲಿನ ಗಾಡಿ ತಿರುವಿನಲ್ಲಿ ಕಂಡರೆ ಜಯದೇವಿ ಮಗಳನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದಳು. ಮಗಳ ಫ್ರಾಕಿನ ಅಂಚು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದಳು. ಮೂರು ಹೊತ್ತೂ ಅಡಿಗೆ ಮಾಡುತ್ತಿದ್ದಳು, ತಾನು ಉಣ್ಣುತ್ತಿರಲಿಲ್ಲ. ಕಾಗದ ಮುಟ್ಟಲಿಲ್ಲ. ಹ್ಯೂಸ್ಟನ್‌ನಿಂದ ಅಣ್ಣಾಸಾಹೇಬರು ದಿನಾ ಫೋನು ಮಾಡಿ ಏನಾಯಿತು ಎಂದು ಕೇಳುತ್ತಿದ್ದರು, ಕೇಳಿದಷ್ಟೂ ಇವಳ ಜೀವ ಹಾರುತ್ತಿತ್ತು. ಕೊನೆಗೆ ನಾನೇ ಅವರಿಗೆ, "ಸ್ವಲ್ಪ ದಿನ ಬಿಡಿ ಸಾರ್" ಎಂದೆ.

ಜೂನ್ ಮುಗಿಯುತ್ತ ಬಂದಾಗ ಪತ್ರ ಬಂತು. ಲಕೋಟೆ ಒಡೆಯಲು ಅವಳು ನನ್ನ ಕೈಗೆ ಕೊಟ್ಟಳು. ಮಗುವಿಗೆ ಅಪಾಯ ಕಂಡುಬಂದಿಲ್ಲ, ವಿಚಾರಣೆ ಮುಗಿದಿದೆ, ಆದರೆ ಮಗುವಿಗೆ ಕೌನ್ಸೆಲರ್ ನೆರವು ಕೊಡಿಸಿ ಎಂದಿತ್ತು. ಓದಿ ಹೇಳಿದ ಮೇಲೂ ಅವಳು, "ಇನ್ನೊಮ್ಮೆ ಓದ್ರಿ" ಎಂದಳು.

ಕೌನ್ಸೆಲರ್ ಪ್ರೇರಣಾಳನ್ನು ಮಾತಾಡಿಸಲು ಹೋಗಲಿಲ್ಲ, ಕಾಗದ ಕತ್ತರಿಸಲು ಕೊಟ್ಟಳು. ಜಯದೇವಿಯೂ ಜೊತೆಗೆ ಕೂರುತ್ತಿದ್ದಳು. ಮಾತು ಒಮ್ಮೆಗೇ ಬರಲಿಲ್ಲ. ಮೊದಲು ಮನೆಯಲ್ಲಿ, ಆಮೇಲೆ ನಮ್ಮ ಮನೆಯಲ್ಲಿ, ಅದೂ ಮೋಡವಿಲ್ಲದ ದಿನ. ಸೆಪ್ಟೆಂಬರಿನಲ್ಲಿ ಒಂದು ದಿನ ಶಾಲೆಯಿಂದ ಫೋನು ಬಂತು. ಜಯದೇವಿಗೆ ಬಂದ ಆ ಫೋನನ್ನು ನಾನೇ ಎತ್ತಿಕೊಂಡೆ. ಪ್ರೇರಣಾಳ ಕಾರ್ಡನ್ನು ಯಾರೋ ಹುಡುಗ ತುಳಿದನಂತೆ. ಇಡೀ ಕ್ಲಾಸು ಬೆಚ್ಚಿಬೀಳುವ ಹಾಗೆ ಅವನ ಮೇಲೆ ಕಿರುಚಿದಳಂತೆ. ಅದನ್ನು ತಾಯಿಗೆ ಹೇಳಿದೆ.

"ಜೋರಾಗಿ ಒದರಿದಳೇನ್ರಿ?" ಎಂದು ಕೇಳಿದಳು ಜಯದೇವಿ.

"ಪಕ್ಕದ ಕ್ಲಾಸಿಗೂ ಕೇಳಿಸ್ತಂತೆ."

ಅವಳು ಸೆರಗಿನಿಂದ ಮುಖ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ.

೨೦೧೬ರಲ್ಲಿ ಅವರು ಮನೆ ಖಾಲಿ ಮಾಡಿ ಆಸ್ಟಿನ್‌ಗೆ ಶಿಫ್ಟ್ ಆದರು. ಅಲ್ಲಿ ಗಂಡ ದಿನಾ ಸಂಜೆ ಮನೆಗೆ ಬರುತ್ತಾರೆ. ಜಯದೇವಿ ಲೈಬ್ರರಿಯಲ್ಲಿ ಇಂಗ್ಲಿಷ್ ಕಲಿತಳು. ಅದೇ ಲೈಬ್ರರಿಯಲ್ಲಿ ಶನಿವಾರ ಮಕ್ಕಳಿಗೆ ಕಾರ್ಡು ಮಾಡುವುದನ್ನು ಕಲಿಸುತ್ತಾಳೆ. ಅವಳು ಅಂಜುವುದನ್ನು ಬಿಟ್ಟಿಲ್ಲ. ಏಪ್ರಿಲ್ ಬಂತೆಂದರೆ ಈಗಲೂ ಹೊತ್ತಿಲ್ಲದ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತ ನಿಂತಿರುತ್ತಾಳೆ, ಕರೆದರೆ ಓಗೊಡುವುದಿಲ್ಲ ಎಂದು ಶಶಿಕಾಂತ್ ಹೇಳುತ್ತಾರೆ. ಆಗ ಪ್ರೇರಣಾ ಹೋಗಿ ಕೈ ಹಿಡಿದು ಒಳಗೆ ಕರೆತರುತ್ತಾಳಂತೆ, ದಾರಿಯುದ್ದಕ್ಕೂ ಏನಾದರೂ ಮಾತಾಡುತ್ತಲೇ.