ಹಿಂದಿನ ಸಾಲಿನಲ್ಲಿ ಒಬ್ಬರು

ಮಾಸ್ತರಿಕೆ ಕಲಿಯಲು ಬಂದವರ ಕೈಗೆ ಮೊದಲ ದಿನವೇ ಸೀಮೆಸುಣ್ಣ ಕೊಟ್ಟು, ಹೆಡ್‌ಮಾಸ್ತರು ಚಹಾ ಕುಡಿಯಲು ಹೋಗುವುದನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ನೆತ್ತಿಗೇರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ.

ನಿಜಾಮರ ಆಡಳಿತ ಹೋಗಿ ನಮ್ಮ ಕಡೆಯ ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ ಅದು. ಕನ್ನಡದಲ್ಲಿ ಪಾಠ ಹೇಳುವವರೇ ಕಡಿಮೆ. ಸುರಪುರದವನಾದ ನನ್ನನ್ನು ತರಬೇತಿಯ ನಡುವೆ ಎರಡು ತಿಂಗಳು ಪಾಠ ಮಾಡಿ ಬಾ ಎಂದು ಸಗರದ ಆಚೆಗಿನ ಒಂದು ಹಳ್ಳಿಗೆ ಕಳಿಸಿದರು. ಶಹಾಪುರದಲ್ಲಿ ಒಂದು ಖೋಲಿ ಹಿಡಿದೆ. ಖೋಲಿಯಲ್ಲಿ ನನ್ನ ಜೊತೆಗಿದ್ದವನು ಯಾದಗಿರಿಯ ಒಬ್ಬ ಗೆಳೆಯ. ಅವನು ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಕಲಿಯುತ್ತಿದ್ದ.

"ಹದಿನೈದು ದಿನ ಆತು, ಬರೇ ಪಟ್ಟಿ ಕುದಿಸಾಕತ್ತೇನಿ," ಎಂದ ಅವನು ಒಂದು ಸಂಜೆ.

"ನನಗ ನೋಡು, ಮೊದಲನೇ ದಿನಾನೇ ಇಡೀ ಮೂರನೇ ಕ್ಲಾಸ್ ಕೊಟ್ಟಾರ," ಎಂದೆ. ಆಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಹರಿಯದೇ ಉಳಿದದ್ದೇ ಪುಣ್ಯ.

ಆ ಮೂರನೇ ಕ್ಲಾಸಿನಲ್ಲಿ ಕುರಿ ಸಾಕುವವರ ಓಣಿಯಿಂದ ಬರುತ್ತಿದ್ದ ಒಬ್ಬಳೇ ಹುಡುಗಿ ಇದ್ದಳು. ಮಗುವಿನ ಮನೆಯಿಂದಲೇ ಉದಾಹರಣೆ ಎತ್ತಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನೂ ಜಾಣನಂತೆ ಲೆಕ್ಕದ ಪಾಠದಲ್ಲಿ ಅವಳನ್ನು ಎಬ್ಬಿಸಿ, "ನಿಮ್ಮ ಮನ್ಯಾಗ ಕುರಿ ಎಷ್ಟವ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಮೂರು ಸಲ ಕೇಳಿದೆ, ತುಟಿ ಬಿಚ್ಚಲಿಲ್ಲ. ಉಳಿದ ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿಕೊಂಡರು. ನನಗೆ ಅವಮಾನವಾಯಿತು. ಶಾಲೆ ಬಿಡುವವರೆಗೆ ಗೋಡೆಯ ಕಡೆ ನಿಲ್ಲಿಸಿದೆ. ಮರುದಿನ ಅದೇ ಪ್ರಶ್ನೆ ಕೇಳಿ ಮತ್ತೆ ನಿಲ್ಲಿಸಿದೆ.

ಕೆಲವು ದಿನ ಕಳೆದ ಮೇಲೆ ರೊಟ್ಟಿ ತಿನ್ನುತ್ತಾ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ: "ಆಕಿ ಯಾಕ ಹೇಳಲಿಲ್ಲ?"

"ಹಠ."

"ನೀ ಪಾಠ ಮಾಡೂವಾಗ ನಿನ್ನ ಹಿಂದ ಯಾರು ನಿಂತಿದ್ರು?"

"ಮಾಸ್ತರ ಹಿಂದ ಯಾರು ನಿಲ್ತಾರೋ?"

"ಹೋಗ್ಲಿ, ಆಕಿ ಮತ್ತ ಬಂದಾಳೇನು?"

ನನಗೆ ನೆನಪಾಗಲಿಲ್ಲ. ಮರುದಿನ ಹಾಜರಿ ಪುಸ್ತಕ ತೆರೆದು ನೋಡಿದೆ. ಅವಳ ಹೆಸರಿನ ಮುಂದೆ ನಾಲ್ಕು ದಿನದ ಗೈರುಹಾಜರಿಯನ್ನು ನಾನೇ ಬರೆದಿದ್ದೆ. ತಲೆ ಎತ್ತದೆ ಹೆಸರು ಕೂಗಿದ್ದೆ, ಉತ್ತರ ಬರದಿದ್ದಾಗ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗಿದ್ದೆ.

ಆ ಭಾನುವಾರ ಕೆಮ್ಮಿನ ನೆಪ ಮಾಡಿಕೊಂಡು ದವಾಖಾನೆಗೆ ಹೋದೆ. ಕುಡುಗೋಲು ತಾಗಿದ ರೈತನೊಬ್ಬನ ಕೈಗೆ ಗೆಳೆಯ ಪಟ್ಟಿ ಕಟ್ಟುತ್ತಿದ್ದ. ಡಾಕ್ಟರು ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಮುಗಿಯುವ ತನಕ ಪಿಟ್ಟೆನ್ನಲಿಲ್ಲ. ಆಮೇಲೆ, "ಉಗುರು ಒತ್ತಿ ಬಿಡು. ಏನ್ ಕಾಣ್ತದ?" ಎಂದರು. ಬಿಳಿಚಿದ ಉಗುರಿಗೆ ಕೆಂಪು ಬರಲು ತಡವಾಯಿತು. "ಬಿಗಿ ಆಗ್ಯಾದ್ರಿ," ಎಂದು ಗೆಳೆಯ ತಾನೇ ಬಿಚ್ಚಿ ಮತ್ತೆ ಕಟ್ಟಿದ. ಡಾಕ್ಟರು ರೈತನನ್ನೂ ಕೇಳಿದರು: "ಈಗ ಹೆಂಗದಪ?"

"ಆಗ ಜುಮ್ ಅಂತಿತ್ತರಿ. ಈಗ ಆರಾಮ ಅದ."

ಗೆಳೆಯನಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಶಾಲೆಯಲ್ಲಿ ನಾನು ಬಿಗಿಯಾಗಿ ಕಟ್ಟಿದ ಪಟ್ಟಿಗೆ ಉಗುರು ಒತ್ತಿ ನೋಡಿದವರು ಯಾರೂ ಇರಲಿಲ್ಲ.

ಸೋಮವಾರ ಹೆಡ್‌ಮಾಸ್ತರರಿಗೆ, ನನ್ನ ಪಾಠದಲ್ಲಿ ಬಂದು ಕುಳಿತುಕೊಳ್ಳಿ ಎಂದೆ. ಉರ್ದುವಿನಲ್ಲಿ ಓದಿ, ನಡುವಯಸ್ಸಿನಲ್ಲಿ ಕನ್ನಡದ ಕಾಗದಪತ್ರಗಳೊಂದಿಗೆ ಗುದ್ದಾಡುತ್ತಿದ್ದ ಮೆತ್ತನೆಯ ಮನುಷ್ಯ. ಅವರು ಗಾಬರಿಯಾದರು.

"ಒಬ್ಬ ಮಾಸ್ತರ ಪಾಠದಾಗ ಇನ್ನೊಬ್ಬ ಮಾಸ್ತರ ಕೂಡೂದು ಛಲೋ ಅಲ್ರಿ. ಇನ್ಸ್‌ಪೆಕ್ಟರ್ ಅಷ್ಟ ಕೂಡ್ತಾರ, ಅದೂ ತಪ್ಪು ಹಿಡಿಯಾಕ."

"ನೀವೂ ತಪ್ಪು ಹಿಡೀರಿ. ಆದ್ರ ಬರಕೋಬ್ಯಾಡ್ರಿ, ನನಗ ಹೇಳ್ರಿ."

ಅವರು ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ನೆಲದ ಮೇಲೆಯೇ ಕುಳಿತರು. ಪಾಠ ಮುಗಿದ ಮೇಲೆ ಬೇವಿನ ಮರದ ಕೆಳಗೆ ಬಹಳ ಸಂಕೋಚದಿಂದ ಹೇಳಿದರು: "ಸವಾಲು ನೀವ ಕೇಳ್ತೀರಿ, ಜವಾಬೂ ನೀವ ಹೇಳ್ತೀರಿ. ಹುಡುಗ್ರು ಬಾಯಿ ತಗಿಯೂದ್ರಾಗ ಮುಗದಿರ್ತದ." ನಾನು ಆಗ ಆ ಹುಡುಗಿಯ ವಿಷಯವನ್ನೂ ಹೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕುರಿ ಕಾಯೋರು ಎಣಿಕಿ ಬಾಯಿಬಿಟ್ಟು ಹೇಳಂಗಿಲ್ರಿ. ಹೇಳಿದ್ರ ಕುರಿಗೆ ದಿಟ್ಟಿ ಬೀಳ್ತದ ಅಂತಾರ. ಅಷ್ಟು ಮಂದಿ ಮುಂದ ಆಕಿ ಹೆಂಗ ಹೇಳ್ಬೇಕು?"

"ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ನಾ ಮೊದಲ ನೋಡಾಕ ಬಂದಿದ್ನೇನ್ರಿ?" ಎಂದರು. ಅವರ ಮುಖ ಸಣ್ಣದಾಗಿತ್ತು.

ಸಂಜೆ ಇಬ್ಬರೂ ಆ ಹುಡುಗಿಯ ಹಟ್ಟಿಗೆ ಹೋದೆವು. ಅವಳ ತಂದೆ ಕಂಬಳಿ ಹಾಸಿ ಕೂಡಿಸಿದರು. "ಒಲ್ಲೆ ಅಂತಾಳ್ರಿ. ನಿಂದರಾಕ ಸಾಲಿಗಿ ಯಾಕ ಹೋಗ್ಬೇಕು? ಕುರಿ ಹಿಂದ ಹೋದ್ರ ಕೆಲಸರ ಆಗ್ತದ," ಎಂದರು. ಬಯ್ಯುವ ದನಿ ಅದಾಗಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಮರುದಿನದಿಂದ ಅವಳು ಕುರಿಯ ಹಿಂದೆ ಹೊರಡುವುದಿತ್ತು. ಹೊರಟರೆ ಅವಳ ಓದು ಅಲ್ಲಿಗೇ ಮುಗಿದಂತೆ ಎಂದು ಹೆಡ್‌ಮಾಸ್ತರರಿಗೂ ನನಗೂ ಗೊತ್ತಿತ್ತು.

ಹುಡುಗಿ ದೊಡ್ಡಿಯ ಬಾಗಿಲಲ್ಲಿ ನಿಂತು ಒಳಗೆ ಬರುವ ಕುರಿಗಳನ್ನು ನೋಡುತ್ತಿದ್ದಳು. ಹತ್ತಿರ ಹೋಗಿ, "ನಂದ ತಪ್ಪಾಗ್ಯಾದವ್ವ," ಎಂದೆ. ಅವಳು ತಿರುಗಲಿಲ್ಲ. ನಾನೂ ಕುರಿಗಳ ಕಡೆ ನೋಡುತ್ತಾ ಕೇಳಿದೆ: "ಎಲ್ಲಾ ಬಂದಾವ ಅಂತ ಎಣಿಸ್ದ ಹೆಂಗ ಗೊತ್ತಾಗ್ತದ?"

"ಮಾರಿ ನೋಡಿದ್ರ ಗೊತ್ತಾಗ್ತದ್ರಿ. ಒಂದು ಬರ್ಲಿಲ್ಲಂದ್ರ ಆಗಿಂದಾಗ ಗೊತ್ತಾಗ್ತದ." ಕೊನೆಯ ಮರಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. "ನಾ ಬರ್ಲಿಲ್ಲಂತ ನಿಮಗ ಗೊತ್ತಾಗಿತ್ತೇನ್ರಿ, ಮಾಸ್ತರ್ರಿ?"

ಹೌದು ಎಂದುಬಿಡಬಹುದಿತ್ತು. ಹೆಡ್‌ಮಾಸ್ತರು ನನ್ನ ಹಿಂದೆಯೇ ನಿಂತಿದ್ದರು.

"ಇಲ್ಲವ್ವ. ಗೊತ್ತಾಗಿರಲಿಲ್ಲ," ಎಂದೆ.

ಅವಳು ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಒಳಗೆ ಹೋದಳು.

ಮರುದಿನ ಶಾಲೆಯಲ್ಲಿ ಹಾಜರಿ ಪುಸ್ತಕವನ್ನು ಮುಚ್ಚಿಟ್ಟು ಒಂದೊಂದೇ ಮುಖ ನೋಡುತ್ತಾ ಹೋದೆ. ಕಿಟಕಿಯ ಬಳಿ ಅವಳು ಕುಳಿತಿದ್ದಳು. ಎರಡನೇ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. "ಇಲ್ಲಿ ಕೂಡಾವ ಎಲ್ಲಿ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ.

"ಜ್ವರ ಬಂದಾವ್ರಿ," ಎಂದು ಮೊದಲು ಹೇಳಿದವಳು ಅವಳೇ.