ಹೆಬ್ಬೆರಳಿಗೆ ಸಿಕ್ಕ ನಾಡಿ

ನಮ್ಮದು ಸೇಲಂನಲ್ಲಿ ನೇಯೋ ಮನೆ. ಮಗ್ಗದ ಮುಂದೆ ಕೂತರೆ ನೂಲಿನ ಬಿಗಿ ನೋಡೋದು ಹೆಬ್ಬೆರಳಲ್ಲೇ. ಕಮ್ಯುನಿಟಿ ಕಾಲೇಜಿಗೆ ನರ್ಸಿಂಗ್ ಓದೋಕೆ ಸೇರಿದ ಮೇಲೂ ಆ ಚಾಳಿ ಬಿಡಲಿಲ್ಲ.

ಮೇಚೇರಿ ಕಡೆಯ ಒಂದು ಆಸ್ಪತ್ರೆಗೆ ಟ್ರೈನಿಂಗಿಗೆ ಹೋದ ಮೊದಲ ವಾರ. ಮಧ್ಯಾಹ್ನ ಡಾಕ್ಟರು ಒಬ್ಬ ಅಜ್ಜಿಯನ್ನು ನೋಡಿ, ಜೀವ ಹೋಗಿದೆ ಅಂತ ಬರೆದು ಹೋದರು. ಮೈ ಒರೆಸೋ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿಯ ಕೈ ಎತ್ತಿದೆ. ತಣ್ಣಗಿದ್ದ ಆ ಮಣಿಕಟ್ಟಿನಲ್ಲಿ ನಾಡಿ ಮಿಡೀತಿತ್ತು. ನಾನು ಹೆದರಿದಷ್ಟೂ ಅದು ಜೋರಾಯ್ತು.

"ಸಿಸ್ಟರ್, ನಾಡಿ ಐತೆ!" ಅಂತ ಕೂಗಿಬಿಟ್ಟೆ.

ಬಾಗಿಲಲ್ಲಿ ಅಳುತ್ತಿದ್ದ ಅಜ್ಜಿಯ ಮಗಳು ಓಡಿ ಬಂದಳು. "ನಮ್ಮವ್ವ ಬದುಕವ್ಳಾ, ತಂಗಿ?"

ಸಿಸ್ಟರ್ ಬಂದು ಅಜ್ಜಿಯ ಕತ್ತು ಮುಟ್ಟಿ ನೋಡಿದರು. ಆಮೇಲೆ ನನ್ನ ಕೈ ನೋಡಿದರು. "ಹೆಬ್ಬೆರಳಲ್ಲಿ ಹಿಡಿದಿದ್ದೀಯಲ್ಲೇ. ಅದು ನಿನ್ನದೇ ನಾಡಿ," ಅಂದರು ಮೆಲ್ಲಗೆ.

ಮಗಳಿಗೂ ಅದು ಕೇಳಿಸಿತು. ಆದರೂ ಅವಳು ನನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತಳು. "ಇನ್ನೊಂದ್ ಗಳಿಗೆ ಅಂಗೇ ಇಡ್ಕೊಂಡಿರು," ಅಂದಳು.

ಹಿಡಿದುಕೊಂಡೇ ಇದ್ದೆ. ಅದು ಮಿಡೀತಾನೇ ಇತ್ತು.

ಹೆಬ್ಬೆರಳಿಂದ ನಾಡಿ ಯಾಕೆ ನೋಡಬಾರದು ಅಂತ ಆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಕೇಳಿದ್ದರು. ಪುಸ್ತಕದಲ್ಲಿದ್ದ ಕಾರಣವನ್ನಷ್ಟೇ ಬರೆದು ಬಂದೆ.